ಅಳಬಾರದ ಮನೆ

ಒಂದನೇ ತರಗತಿಯ ಅಕ್ಕೋರು ರಾಜೇಶ್ವರಮ್ಮ ಮನೆಗೆ ಬಂದಾಗ ಶೇಷಮ್ಮ ರೊಟ್ಟಿ ತಟ್ಟುತ್ತಿದ್ದಳು. ಶಿಕಾರಿಪುರದ ಆ ಬೀದಿಯಲ್ಲಿ ಶಾಲೆಯವರು ಮನೆ ಬಾಗಿಲಿಗೆ ಬಂದರೆಂದರೆ ಒಂದೋ ಮಕ್ಕಳು ಏನಾದರೂ ಕದ್ದಿರಬೇಕು, ಇಲ್ಲವೇ ಯಾರದಾದರೂ ತಲೆ ಒಡೆದಿರಬೇಕು. ಶೇಷಮ್ಮ ಕೈಗೆ ಅಂಟಿದ ಹಿಟ್ಟು ಕೊಡವಿಕೊಂಡು, ಮೊಮ್ಮಗಳು ಬಂಗಾರಿಯನ್ನು ಪಕ್ಕದ ಕುಬ್ರಾ ಬೀ ಮನೆಯಿಂದ ಕೊತ್ತಂಬರಿ ತರಲು ಅಟ್ಟಿದಳು. ಕೊತ್ತಂಬರಿ ಮನೆಯಲ್ಲೇ ಇತ್ತು.

"ಏನ್ ಮಾಡ್ಯಾಳೆ ಅಕ್ಕೋರೆ?"

"ಅವಳೇನೂ ಮಾಡಿಲ್ಲ ಶೇಷಮ್ಮನೋರೆ. ಮಾಡಿರೋರು ನಾವು. ಇನ್ನು ನನ್ನ ಕೈಲಿ ಆಗಲ್ಲ. ಮಗುಗೆ ಹೇಳಿಬಿಡ್ರಿ."

"ಏನಂತ ಹೇಳೂದು?"

"ತಾಯಿ ತೀರಿಕೊಂಡಿದಾಳೆ ಅಂತ."

ಶೇಷಮ್ಮ ಎದ್ದು ಹೋಗಿ ಬೀದಿ ಬಾಗಿಲು ಮುಂದೆ ಮಾಡಿ ಬಂದಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಕೂತುಕೊಳ್ಳಿ ಎಂದು ಹೇಳುವುದು ಕೂಡ ಅವಳಿಗೆ ಮರೆತುಹೋಯಿತು.

"ಜೂನ್‌ನಾಗೆ ಹುಡುಗೀನ ಸಾಲಿಗೆ ಸೇರಿಸಾಕೆ ಬಂದಾಗ ನಿಮ್ ಕೈ ಹಿಡ್ಕಂಡು ಹೇಳಿದ್ದೆ. ಈ ಮಾತೊಂದು ನಿಮ್ ಬಾಯಿಂದ ಬೀಳಬಾರ್ದು ಅಂತ. ಹೂಂ ಅಂದ್ರಿ."

"ಅಂದೆ. ನಾಲ್ಕು ದಿನ ಹೊಂದಿಕೊಳ್ಳಲಿ, ಆಮೇಲೆ ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ. ಈಗ ಡಿಸೆಂಬರ್ ಬಂತಲ್ರೀ."

ಆ ಮನೆಯಲ್ಲಿ ಸುಳ್ಳು ಹುಟ್ಟಿದ್ದು ಯಾರ ಕೆಟ್ಟ ಬುದ್ಧಿಯಿಂದಲೂ ಅಲ್ಲ. ಆ ವರ್ಷ, ಎಂದರೆ ಐವತ್ತೇಳರ ಬೇಸಿಗೆ ಶುರುವಾಗುವಾಗ, ಬಂಗಾರಿಯ ತಾಯಿ ಮೂಕಮ್ಮ ಅಪ್ಪನಿಗೆ ಹುಷಾರಿಲ್ಲವೆಂದು ಸೊರಬದ ಕಡೆಯ ತನ್ನ ತವರಿಗೆ ಹೋದಳು. ಕ್ಯಾಸನೂರಿನ ಕಾಡಿಗೆ ಆತುಕೊಂಡ ಊರು ಅದು. ಕೊಟ್ಟಿಗೆಗೆ ಹಾಸಲು ಒಣಗಿದೆಲೆ ಗುಡಿಸಿ ತರಲು ತಂಗಿಯ ಜೊತೆ ಕಾಡಿಗೆ ಹೋಗಿ ಬಂದವಳಿಗೆ ಜ್ವರ ಹಿಡಿಯಿತು. ಆ ಬೇಸಿಗೆಯಲ್ಲಿ ಆ ಕಾಡಿನ ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಜನರೂ ಸಾಯುತ್ತಿದ್ದರು. ಇದು ಯಾವ ಜ್ವರವೆಂದು ಡಾಕ್ಟರುಗಳಿಗೇ ತಿಳಿದಿರಲಿಲ್ಲ. ಮೂಕಮ್ಮ ಯುಗಾದಿ ನೋಡಲಿಲ್ಲ. ಗಂಡ ಆನಂದಪ್ಪ ಹೋಗಿ ಮಣ್ಣು ಹಾಕಿ ಬಂದ.

ಅವನು ತಿರುಗಿ ಬಂದಾಗ ಇಲ್ಲಿ ಬಂಗಾರಿಗೆ ಸಿಡುಬು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಮೈಮೇಲೆ ದೇವಿ ಎದ್ದಿರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಕಾಲಿಡುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಅಳುವಂತಿಲ್ಲ. ಅತ್ತರೆ ದೇವಿ ಮುನಿದು ಮಗುವನ್ನೇ ಎತ್ತಿಕೊಂಡು ಹೋಗುತ್ತಾಳೆ. ಶೇಷಮ್ಮನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಾವಿನ ಮೈಲಿಗೆ ಹೊತ್ತು ಬಂದ ಮಗನನ್ನು ಹಿತ್ತಲಿನ ಮಂಡಕ್ಕಿ ಭಟ್ಟಿಯ ಹತ್ತಿರವೇ ತಡೆದು ನಿಲ್ಲಿಸಿದಳು. ಸುದ್ದಿ ಕೇಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಳಗಿನಿಂದ ಮಗು, "ಅಪ್ಪ ಬಂದ್ನಾ? ಅವ್ವ ಎಲ್ಲಿ?" ಎಂದು ಕೂಗಿತು. "ಸೊರಬದಾಗೇ ಅದಾಳೆ. ನಿನಗೆ ವಾಸಿ ಆದ್ ಮ್ಯಾಲೆ ಬರ್ತಾಳೆ" ಎಂದು ಶೇಷಮ್ಮ ಅಲ್ಲಿಂದಲೇ ಕೂಗಿ ಹೇಳಿದಳು.

ಸಿಡುಬು ಇಳಿಯಿತು. ಬೇವಿನ ಸೊಪ್ಪು ಒಣಗಿ ಉದುರಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಯಾರಿಗೂ ಆಗಲಿಲ್ಲ. ಇವತ್ತು ಬೇಡ, ಹುಡುಗಿ ಇನ್ನೂ ನಿತ್ರಾಣವಾಗಿದ್ದಾಳೆ. ನಾಳೆ ಬೇಡ, ಶಾಲೆಗೆ ಸೇರಿಸಬೇಕು. ಹುಡುಗಿ ಮುಖ ಸಣ್ಣಗೆ ಮಾಡಿದರೆ, "ಅಳಬ್ಯಾಡ, ಬರ್ತಾಳೆ." ಹೀಗಾಗಿ ಆ ಮನೆಯಲ್ಲಿ ಮೂಕಮ್ಮನಿಗಾಗಿ ಯಾರೂ ಬಾಯಿ ಬಿಟ್ಟು ಅತ್ತಿರಲಿಲ್ಲ. ಆನಂದಪ್ಪ ಭಟ್ಟಿಯ ಮುಂದೆ ಅತ್ತಿದ್ದರೂ ಅತ್ತಿರಬಹುದು. ಮಂಡಕ್ಕಿ ಹುರಿಯುವವನ ಕಣ್ಣು ಹೊಗೆಗೆ ಯಾವಾಗಲೂ ಕೆಂಪಗೇ ಇರುತ್ತದೆ, ಯಾರು ಕೇಳುತ್ತಾರೆ.

ಇದರಲ್ಲಿ ರಾಜೇಶ್ವರಮ್ಮನವರ ಪಾಲೂ ಇತ್ತು. ಶಿವಮೊಗ್ಗದಲ್ಲಿ ಟ್ರೈನಿಂಗ್ ಮುಗಿಸಿ ಬಂದ ಅವರಿಗೆ ಮಕ್ಕಳಿಗೆ ಕಾಗುಣಿತ ಬಂದರೆ ಸಾಲದು, ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿಯಬೇಕು ಎಂಬ ಹಟ. ಶನಿವಾರ ಬೆಳಗಿನ ಶಾಲೆ ಮುಗಿಯುವ ಮುಂಚೆ ಮಕ್ಕಳನ್ನು ಜಗಲಿಯ ಮೇಲೆ ಸುತ್ತಲೂ ಕೂರಿಸುತ್ತಿದ್ದರು. ಆ ವಾರ ಮನೆಯಲ್ಲಿ ನಡೆದದ್ದನ್ನು ಒಬ್ಬೊಬ್ಬರೂ ಹೇಳಬೇಕು. ಕರು ಸತ್ತದ್ದು, ತಮ್ಮ ಹುಟ್ಟಿದ್ದು, ಅಪ್ಪ ಹೊಡೆದದ್ದು, ಏನಾದರೂ ಸರಿ. ಸುಳ್ಳು ಹೇಳಬಾರದು, ಕೇಳಿದವರು ನಗಬಾರದು. ಮಕ್ಕಳು ಅದನ್ನು 'ಮನೆಮಾತು' ಎನ್ನುತ್ತಿದ್ದರು. ಹೆಡ್‌ಮೇಷ್ಟ್ರು ಪಂಚಾಕ್ಷರಪ್ಪ 'ಹರಟೆಕಟ್ಟೆ' ಎನ್ನುತ್ತಿದ್ದರು.

ಬಂಗಾರಿ ಬಾರದ ದಿನ ನೋಡಿ ಅಕ್ಕೋರು ತರಗತಿಗೆ ಹೇಳಿದ್ದರು: "ಅವಳ ತಾಯಿ ಇಲ್ಲ ಅಂತ ನಿಮಗೆಲ್ಲ ಗೊತ್ತು. ಅವಳಿಗೆ ಗೊತ್ತಿಲ್ಲ. ಹೇಳಿ ನೋಯಿಸಬಾರದು." ಮಕ್ಕಳು ಈ ಪಾಠವನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತರು. ಬಂಗಾರಿ, "ನಮ್ಮವ್ವ ದೀಪಾವಳಿಗೆ ಬರ್ತಾಳೆ" ಎಂದರೆ ಕುಬ್ರಾ ಬೀ ಮಗಳು ಗುಲ್ಶನ್, "ಬಂದ್ರೆ ನನ್ನೂ ಕರಿ" ಎನ್ನುತ್ತಿದ್ದಳು. ಬಸ್ ಸ್ಟ್ಯಾಂಡಿನ ಚಾ ಅಂಗಡಿಯವರ ಮಗ ರಾಮಪ್ಪ ಇನ್ನೂ ಮುಂದೆ ಹೋದ. ಸೊರಬದ ಬಸ್ಸಿನ ಕಂಡಕ್ಟರು ಅವಳ ತಾಯಿಯನ್ನು ಕಂಡನೆಂದೂ, ಕೈತುಂಬ ಹಸಿರು ಬಳೆ ತೊಟ್ಟು ಮಗಳನ್ನು ಕೇಳಿದಳೆಂದೂ ಮೊನ್ನೆಯ ಮನೆಮಾತಿನಲ್ಲಿ ಸುದ್ದಿ ತಂದಿದ್ದ. ಬಂಗಾರಿ ಅವತ್ತು ಕುಣಿದಿದ್ದಳು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದ್ದರು.

ಇದನ್ನೆಲ್ಲ ಕೇಳಿ ಶೇಷಮ್ಮ, "ಒಳ್ಳೇ ಹುಡುಗ" ಎಂದಳು.

"ಎಲ್ಲರೂ ಒಳ್ಳೇ ಮಕ್ಕಳೇ. ಅದೇ ನನಗೆ ಹೆದರಿಕೆ."

"ಸಂಕ್ರಾಂತಿ ಕಳೀಲಿ ಅಕ್ಕೋರೆ. ಎಲ್ಲಾ ತಾನಾಗೇ ಸರಿ ಆಗ್ತತಿ."

ಅಷ್ಟರಲ್ಲಿ ಬಂಗಾರಿ ಕೊತ್ತಂಬರಿ ಹಿಡಿದು ಓಡಿ ಬಂದಳು. "ಅಕ್ಕೋರೆ, ಉಂಡೇ ಹೋಗ್ರಿ. ಅಜ್ಜಿ ರೊಟ್ಟಿ ದಪ್ಪ ಇರ್ತತಿ. ನಮ್ಮವ್ವ ಬಂದ್ ಮ್ಯಾಲೆ ಇನ್ನೊಂದ್ಸಲ ಬರ್ರಿ, ಅವಳು ತೆಳ್ಳಗೆ ಬಡೀತಾಳೆ."

"ಬರ್ತೀನಮ್ಮ" ಎಂದರು ರಾಜೇಶ್ವರಮ್ಮ.

ಆ ಸಂಜೆ ಆನಂದಪ್ಪ ಉಣ್ಣಲು ಕೂತಾಗ ಶೇಷಮ್ಮ ಮಾತು ತೆಗೆದಳು. ಬಂಗಾರಿ ಅಂಗಳದಲ್ಲಿ ಗುಲ್ಶನ್ ಜೊತೆ ಕುಂಟಬಿಲ್ಲೆ ಆಡುತ್ತಿದ್ದಳು.

"ನಿಮ್ ಮಾವ ಮಂಜಪ್ಪ ಒಪ್ಪ್ಯಾನೆ. ಗುತ್ಯಮ್ಮನ್ನ ಕೊಡ್ತಾನಂತೆ."

ಗುತ್ಯಮ್ಮ ಮೂಕಮ್ಮನ ತಂಗಿ. ಅಕ್ಕ ಸತ್ತ ಮನೆಗೆ ತಂಗಿಯನ್ನು ತರುವುದು ಆ ಕಡೆ ಹೊಸದೇನಲ್ಲ. ಆನಂದಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ.

"ವರ್ಷ ಸೈತ ತುಂಬಿಲ್ಲವ್ವ."

"ತುಂಬೋ ತನಕ ರೊಟ್ಟಿ ಯಾರು ಬಡೀತಾರೆ? ನನಗೆ ಮಣಕಾಲು ಮಡಚಾಕೆ ಬರಲ್ಲ. ಅಕ್ಕಿ ಒಣಗಿಸಬೇಕು, ಉಪ್ಪುನೀರು ಹಾಕಬೇಕು, ಜರಡಿ ಹಿಡೀಬೇಕು. ನೀನು ಭಟ್ಟಿ ಮುಂದೆ ಕುಂತ್ರೆ ಏಳಾನಲ್ಲ."

"ಬಂಗಾರಿಗೆ ಏನಂತ ಹೇಳ್ತೀ?"

"ಏನೂ ಹೇಳಲ್ಲ. ಅವ್ವ ಬರ್ತಾಳೆ ಅಂದಿದ್ವಿ, ಬಂದ್ಲು."

ಆನಂದಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅವ್ವಾ! ಅವಳು ಗುತ್ಯಮ್ಮ. ಮೂಕಿ ಅಲ್ಲ."

"ಮುಖ ಒಂದೇ, ನಡಿಗೆ ಒಂದೇ. ಗುತ್ಯಮ್ಮನ್ನ ಇವಳು ನೋಡಿದ್ದು ಮೊಲೆ ಕುಡಿಯಾಗ. ತಾಯಿನ್ನ ನೋಡಿ ಎಷ್ಟು ತಿಂಗಳಾತು? ಮಕ್ಕಳಿಗೆ ಸೀರೆ ನೆನಪಿರ್ತತಿ, ಮೂಗುಬಟ್ಟು ನೆನಪಿರ್ತತಿ. ಎರಡೂ ನನ್ ಟ್ರಂಕಿನಾಗೆ ಅದಾವೆ."

"ಪಾಪ ಕಣವ್ವ ಇದು."

"ಪಾಪ ನನಗಿರ್ಲಿ. ನೀನು ಉಣ್ಣು."

ಶೇಷಮ್ಮ ಕೆಟ್ಟವಳಾಗಿದ್ದರೆ ಇದನ್ನು ಹೇಳುವುದು ಸುಲಭವಾಗುತ್ತಿತ್ತು. ಈ ಉಪಾಯ ಹೊಳೆದ ದಿನ ಆಕೆ ಹುಚ್ಚರಾಯನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ಒಂದೇ ಏಟಿಗೆ ಮಗನಿಗೆ ಹೆಂಡತಿ, ಮೊಮ್ಮಗಳಿಗೆ ತಾಯಿ, ಭಟ್ಟಿಗೆ ಎರಡು ಕೈ, ತಾನು ಹೇಳಿದ ಸುಳ್ಳಿನಿಂದ ಬಿಡುಗಡೆ. ದೇವರೇ ದಾರಿ ತೋರಿಸಿದನೆಂದು ಮನಸಾರೆ ನಂಬಿದ್ದಳು. ಆನಂದಪ್ಪ ತಲೆ ತಗ್ಗಿಸಿ ಉಂಡ. ಅವನ ಜಾಯಮಾನವೇ ಅದು: ಮೊದಲು ಬೇಡ ಎನ್ನುತ್ತಾನೆ, ಆಮೇಲೆ ಮಾಡುತ್ತಾನೆ.

ಸಂಕ್ರಾಂತಿಯ ದಿನ ಬಂಗಾರಿ ಬೀದಿಯ ಮನೆಮನೆಗೂ ಎಳ್ಳುಬೆಲ್ಲ ಹಂಚುತ್ತ, "ನಮ್ಮವ್ವ ಹಬ್ಬ ಮುಗಿದ್ ಮ್ಯಾಲೆ ಬರ್ತಾಳೆ. ಈ ಸಲ ಖರೇ" ಎಂದು ಸಾರಿದಳು. ಹೆಂಗಸರು ಎಳ್ಳು ತೆಗೆದುಕೊಂಡು, ಅವಳ ಕೆನ್ನೆ ಸವರಿ, ಲಗುಬಗೆಯಿಂದ ಬಾಗಿಲು ಹಾಕಿಕೊಂಡರು. ಮಾರನೇ ದಿನ ಅದೇ ಮಾತು ಶಾಲೆಯಲ್ಲಿ ಕಿವಿಗೆ ಬಿದ್ದಾಗ ರಾಜೇಶ್ವರಮ್ಮ ಹೆಡ್‌ಮೇಷ್ಟ್ರ ಕೋಣೆಗೆ ಹೋದರು.

"ಸಾರ್, ಆ ಮಗುಗೆ ನಾನೇ ಹೇಳಿಬಿಡ್ತೀನಿ."

"ಹೇಳಿ. ನಾಳೆ ಆ ಮುದುಕಿ ಬಂದು ಶಾಲೆ ಮುಂದೆ ಮಣ್ಣು ತೂರ್ತಾಳೆ. ಬರೋ ತಿಂಗಳು ಇನ್‌ಸ್ಪೆಕ್ಟರು ಬರ್ತಾರೆ. ಕೂಡೋದು ಕಳೆಯೋದು ಕಲಿಸಿ ಸಾಕು ರಾಜೇಶ್ವರಮ್ಮ. ಅಳೋದು ನಗೋದು ಮನೇಲಿ ಕಲೀತಾರೆ."

"ಅಳೋದನ್ನ ಆ ಮನೇಲಿ ಕಲಿಸಿಲ್ಲ ಸಾರ್."

ಪಂಚಾಕ್ಷರಪ್ಪ ಕನ್ನಡಕ ಒರೆಸಿಕೊಂಡರು. ಅವತ್ತು ಶಾಲೆ ಬಿಟ್ಟ ಮೇಲೆ ರಾಜೇಶ್ವರಮ್ಮ ಬಂಗಾರಿಯನ್ನು ಉಳಿಸಿಕೊಂಡರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬಂಗಾರಿ, ನಿಮ್ಮ ತಾಯಿ ವಿಚಾರ..."

"ಬರ್ತಾಳೆ ಅಕ್ಕೋರೆ. ನಾ ಒಂದಿನಾನೂ ಅತ್ತಿಲ್ಲ. ಅತ್ರೆ ಬರಲ್ಲ ಅಂತ ಗೊತ್ತು ನನಗೆ."

ಹುಡುಗಿಯ ಮುಖದಲ್ಲಿ ಬಹುಮಾನಕ್ಕೆ ಕಾದು ನಿಂತವರ ನಂಬಿಕೆ ಇತ್ತು. ರಾಜೇಶ್ವರಮ್ಮನವರ ಧೈರ್ಯ ಅಲ್ಲಿಗೆ ಉಡುಗಿತು. "ನಾಳೆ ತಲೆಗೆ ಎಣ್ಣೆ ಹಾಕ್ಕೊಂಡು ಬಾ" ಎಂದಷ್ಟೇ ಹೇಳಿ ಕಳಿಸಿದರು. ಆ ದಿನ ಹೇಳಿಬಿಟ್ಟಿದ್ದರೆ ಅದು ಒಬ್ಬರ ಬಾಯಿಂದ, ಒಂದು ಖಾಲಿ ಕೋಣೆಯಲ್ಲಿ, ಅಪ್ಪಿಕೊಳ್ಳಲು ಒಬ್ಬರು ಇದ್ದಾಗ ಮುಗಿದುಹೋಗುತ್ತಿತ್ತು.

ಮದುವೆ ಸೊರಬದ ಕಡೆಯಲ್ಲೇ ಮಂಜಪ್ಪನ ಅಂಗಳದಲ್ಲಿ ನಾಲ್ಕು ಜನರ ಮುಂದೆ ಮುಗಿಯಿತು. ಅಪ್ಪ ಅವ್ವನನ್ನು ಕರೆತರಲು ಹೋಗಿದ್ದಾನೆ ಎಂದು ಬಂಗಾರಿಗೆ ಹೇಳಿದ್ದರು. ಗುತ್ಯಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಬರುವಾಗ ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಹೇಳೋಣವೆಂದು ಆನಂದಪ್ಪ ಬಾಯಿ ತೆರೆದ. "ಚಾ ಕುಡೀತೀಯಾ?" ಎಂದು ಕೇಳಿ ಸುಮ್ಮನಾದ. ತಾನು ಉಟ್ಟ ಹಸಿರು ಸೀರೆ, ತೊಟ್ಟ ಮೂಗುಬಟ್ಟು ಎರಡೂ ಅಕ್ಕನವೆಂದು ಗುತ್ಯಮ್ಮನಿಗೆ ಗೊತ್ತಿತ್ತು. ಇರುವುದನ್ನೇ ಕಳಿಸಿದ್ದಾರೆ ಎಂದುಕೊಂಡಿದ್ದಳು. ಅವಳಿಗೆ ಹದಿನೇಳು ವರ್ಷ.

ಗುರುವಾರ ಸಂಜೆ ಅವಳು ಹೊಸಿಲು ದಾಟುವ ಮೊದಲೇ ಹುಡುಗಿಯೊಬ್ಬಳು ಓಡಿ ಬಂದು ಸೊಂಟಕ್ಕೆ ಅಂಟಿಕೊಂಡಳು.

"ಅವ್ವಾ!"

ಗುತ್ಯಮ್ಮ ಗಂಡನ ಮುಖ ನೋಡಿದಳು. ಆನಂದಪ್ಪ ಬಗ್ಗಿ ಚಪ್ಪಲಿ ಬಿಡುತ್ತಿದ್ದ, ಏಳಲೇ ಇಲ್ಲ. "ಅಲ್ಲ ಮಗಾ, ನಾನು..." ಎನ್ನುವಷ್ಟರಲ್ಲಿ ಶೇಷಮ್ಮ ಆರತಿ ತಟ್ಟೆಯ ಕೆಳಗಿನಿಂದ ಕೈ ಚಾಚಿ ಅವಳ ತೋಳನ್ನು ಬಲವಾಗಿ ಚಿವುಟಿದಳು.

"ಬಲಗಾಲಿಟ್ಟು ಒಳಗ ಬಾರವ್ವ ಮೂಕಿ. ಮಗಳು ಕಾದು ಕಾದು ಸೊರಗ್ಯಾಳೆ."

ಊಟಕ್ಕೆ ಬಂಗಾರಿ ಅವಳ ತೊಡೆಗೆ ತೊಡೆ ತಾಗಿಸಿ ಕೂತಳು. "ಎಷ್ಟು ಸಣ್ಣ ಆಗೀಯ ಅವ್ವ. ಯಾಕೆ ಮಾತಾಡಲ್ಲ ನೀನು?"

"ಜ್ವರ ಬಂದಿತ್ತಲ್ಲ, ದನಿ ಬಿದ್ದೈತಿ" ಎಂದಳು ಶೇಷಮ್ಮ, ಸಾರು ಬಡಿಸುತ್ತ.

"ನಾ ಅತ್ತಿಲ್ಲವ್ವ. ಬೇಕಾರೆ ಅಜ್ಜಿನ್ನ ಕೇಳು."

ಗುತ್ಯಮ್ಮ ಕಲಸಿದ ಅನ್ನ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಮರುದಿನ ಬೆಳಿಗ್ಗೆ ಬಂಗಾರಿ ಇನ್ನೂ ಹಾಸಿಗೆಯಲ್ಲಿರುವಾಗ, ಭಟ್ಟಿಯ ಮುಂದೆ ಸೊಸೆ ಅತ್ತೆಯನ್ನು ತಡೆದಳು.

"ಎಂತ ಮಾಡಿದ್ರಿ ಅತ್ತೆ ನೀವು? ನಾನು ಸತ್ತವಳ ವೇಷ ಹಾಕಬೇಕಾ?"

"ದನಿ ತಗ್ಗಿಸು."

"ಅಕ್ಕನ ಬಾಯಿಗೆ ಕಡೇ ನೀರು ಬಿಟ್ಟವಳು ನಾನು. ಮೂಗಲ್ಲಿ ರಕ್ತ, ವಸಡಲ್ಲಿ ರಕ್ತ. ಈ ಮಗೂನ ಹೆಸರು ಹಿಡಿದು ಕರೀತಾನೇ ಇದ್ಲು. ನಿಮ್ಮನೇಲಿ ಒಬ್ರಾದ್ರೂ ಅವಳಿಗೆ ಅತ್ತೀರಾ?"

"ಹುಡುಗಿ ಮೈಮ್ಯಾಲೆ ದೇವಿ ಇದ್ಲು. ಅತ್ತಿದ್ರೆ ಇದೂ ಹೋಗ್ತಿತ್ತು."

"ದೇವಿ ಇಳಿದು ಎಷ್ಟು ತಿಂಗಳಾಯ್ತು ಅತ್ತೆ?"

ಶೇಷಮ್ಮ ಒಲೆಗೆ ಹೊಟ್ಟು ತಳ್ಳಿದಳು. "ಹೆಸರಿನಾಗೆ ಏನೈತಿ? ಹೆಂಗೂ ತಾಯಿ ಆಗಾಕೇ ಬಂದೀಯ."

"ಆಗ್ತೀನಿ. ಚಿಕ್ಕಿಯಾಗಿ ಬಂದು ತಾಯಿ ಆಗ್ತೀನಿ. ಅಕ್ಕನ್ನ ನುಂಗಿ ಅಲ್ಲ. ಇವತ್ತೇ ಅವಳಿಗೆ ಹೇಳ್ತೀನಿ."

"ಹೇಳು ನೋಡಣ. ಇದೇ ಒಲೆಗೆ ಬೀಳ್ತೀನಿ."

ಮುದುಕಿ ಬೀಳುವವಳಲ್ಲ. ಆದರೆ ಹೊಸ ಸೊಸೆಗೆ ಅದು ಹೇಗೆ ಗೊತ್ತಾಗಬೇಕು. ಅವಳು ಬಾಂಡ್ಲಿಯಲ್ಲಿ ಮರಳು ಕೆದಕುತ್ತಿದ್ದ ಆನಂದಪ್ಪನ ಕಡೆ ತಿರುಗಿದಳು. "ಭಾವಾ, ನೀವಾದ್ರೂ ಬಾಯಿ ಬಿಡಿ!" ಗಂಡನನ್ನು ಇನ್ನೂ ಭಾವ ಎಂದೇ ಕರೆಯುತ್ತಿದ್ದಳು, ನಾಲಿಗೆ ಹೊರಳಿರಲಿಲ್ಲ.

ಆನಂದಪ್ಪ ಮರಳು ಕೆದಕುವುದನ್ನು ನಿಲ್ಲಿಸಿದ. "ಭಾನುವಾರ ಹೇಳ್ತೀನಿ ಗುತ್ಯಾ. ಭಟ್ಟಿ ಹಚ್ಚಲ್ಲ ಅವತ್ತು. ನಾನೇ ತೊಡೆ ಮ್ಯಾಲೆ ಕುಂದ್ರಿಸ್ಕಂಡು ಹೇಳ್ತೀನಿ. ಅವ್ವ ಏನಾದ್ರೂ ಅನ್ಲಿ."

ಅಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಇದಕ್ಕೊಂದು ದಿನ ಗೊತ್ತಾದದ್ದು ಅದೇ ಮೊದಲು. ಶೇಷಮ್ಮ ಕೂಡ ಎದುರಾಡಲಿಲ್ಲ. ನಡುವೆ ಶನಿವಾರ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಗುತ್ಯಮ್ಮ ಬಂಗಾರಿಯ ತಲೆ ಬಾಚಿ ಜಡೆ ಹಾಕಿದಳು. "ಇವತ್ತು ಹೋಗ್ಬೇಡ. ನಂಜೊತೆ ಇರು" ಎಂದಳು.

"ಇವತ್ತು ಮನೆಮಾತು ಐತಿ!" ಎಂದು ಬಂಗಾರಿ ಓಡಿದಳು.

ಜಗಲಿಯ ಮೇಲೆ ಮಕ್ಕಳು ಸುತ್ತಲೂ ಕೂತಿದ್ದರು. ಗುಲ್ಶನ್ ತಮ್ಮ ಮೇಕೆ ಮರಿ ಹಾಕಿದ್ದನ್ನು ತಡವರಿಸುತ್ತ ಹೇಳಿ ಕೂತಳು. ಪಕ್ಕದ ಮನೆಗೆ ಹೊಸ ಹೆಂಡತಿ ಬಂದದ್ದು ಆ ಹುಡುಗಿಗೆ ಗೊತ್ತಿತ್ತು, ಬಾಯಿ ಬಿಡಬಾರದೆಂದು ತಾಯಿ ಗದರಿಸಿದ್ದಳು. ಬಂಗಾರಿ ತನ್ನ ಸರದಿ ಬರುವ ಮೊದಲೇ ಎದ್ದು ನಿಂತಳು.

"ನಮ್ಮವ್ವ ಬಂದ್ಲು!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬರುತ್ತಾಳೆ ಎಂಬುದಕ್ಕೆ ಏನು ಹೇಳಬೇಕೆಂದು ಆ ಮಕ್ಕಳಿಗೆ ರೂಢಿಯಾಗಿತ್ತು. ಬಂದಳು ಎಂಬುದಕ್ಕೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ರಾಜೇಶ್ವರಮ್ಮ ಕುರ್ಚಿಯಿಂದ ಅರ್ಧ ಎದ್ದರು.

"ಗುರುವಾರ ಸಂಜೆ ಬಂದ್ಲು. ಹಸಿರು ಸೀರೆ ಉಟ್ಟಿದ್ಲು. ಮಾತೇ ಆಡಲ್ಲ, ದನಿ ಬಿದ್ದೈತಿ. ಉಣ್ಣದೂ ಇಲ್ಲ. ರಾತ್ರಿ ನನ್ ಪಕ್ಕ ಮಲಗಿದ್ಲು, ಕೈ ತಣ್ಣಗೆ..."

ಚಾ ಅಂಗಡಿಯ ರಾಮಪ್ಪ ಕಿಟಾರನೆ ಕಿರುಚಿದ. "ಸತ್ತೋರು ಬರಲ್ಲ! ಅದು ದೆವ್ವ ಅಕ್ಕೋರೆ! ನಾ ಸುಳ್ಳು ಹೇಳಿದ್ದೆ! ಹಸಿರು ಬಳೆ ಅಂತ ನಾ ಸುಳ್ಳು ಹೇಳಿದ್ದೆ, ಅದಕ್ಕೇ ಎದ್ ಬಂದೈತಿ!"

"ರಾಮಪ್ಪಾ, ಬಾಯಿ ಮುಚ್ಚು!" ರಾಜೇಶ್ವರಮ್ಮ ಅವನನ್ನು ಎಳೆದು ಕೂರಿಸಿದರು. ಹುಡುಗನ ಚಡ್ಡಿ ಒದ್ದೆಯಾಗಿತ್ತು. ಇಬ್ಬರು ಮಕ್ಕಳು ಎದ್ದು ಜಗಲಿಯಿಂದ ಹಾರಿ ಓಡಿದರು.

ಬಂಗಾರಿ ನಿಂತಲ್ಲೇ ಇದ್ದಳು. "ಯಾರು ಸತ್ತೋರು?"

ಅವಳು ಗುಲ್ಶನ್ ಕಡೆ ತಿರುಗಿದಳು.

"ನಮ್ಮವ್ವ ಸತ್ತಾಳಾ?"

ಗುಲ್ಶನ್ ಹೌದೆಂದು ತಲೆ ಆಡಿಸಿದಳು.

"ನಿನಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊದ್ಲಿಂದ."

ಬಂಗಾರಿ ಪಕ್ಕದ ಹುಡುಗಿಯ ಮುಂದೆ ಹೋಗಿ ನಿಂತಳು. "ನಿನಗೆ?" "ಹೂಂ." ಅವಳ ಪಕ್ಕದವನಿಗೆ, "ನಿನಗೆ?" "ಹೂಂ." ಹೀಗೇ ಸುತ್ತಲೂ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಮನೆಮಾತಿನಲ್ಲಿ ಕೇಳಿದ್ದಕ್ಕೆ ನಿಜ ಹೇಳಬೇಕೆಂದು ಕಲಿತ ಮಕ್ಕಳು ನಿಜವನ್ನೇ ಹೇಳಿದವು. ರಾಜೇಶ್ವರಮ್ಮನವರಿಗೆ ಅದನ್ನು ನಿಲ್ಲಿಸಬೇಕೆಂದು ಅನ್ನಿಸಿತು, ಹೇಗೆಂದು ತಿಳಿಯಲಿಲ್ಲ. ಕೊನೆಗೆ ಹುಡುಗಿ ಅವರ ಮುಂದೆ ಬಂದು ನಿಂತಳು.

"ಅಕ್ಕೋರೆ, ನಿಮಗೆ?"

"ಗೊತ್ತಿತ್ತು ಮಗಾ. ನಿನಗೆ ನೋವಾಗಬಾರದು ಅಂತ..."

"ಎಲ್ಲಾರಿಗೂ ಗೊತ್ತಿತ್ತು" ಎಂದಳು ಬಂಗಾರಿ. ಅವಳು ಅಳುತ್ತಿರಲಿಲ್ಲ. ಅಕ್ಕೋರು ಚಾಚಿದ ಕೈಯಿಂದ ಹಿಂದೆ ಸರಿದು, ಸ್ಲೇಟು ಬಳಪ ತೆಗೆದುಕೊಂಡು, ಮೆಟ್ಟಿಲಿಳಿದು ಮನೆ ಕಡೆ ನಡೆದಳು. ರಾಜೇಶ್ವರಮ್ಮ ಮಕ್ಕಳನ್ನು ಹಾಗೇ ಬಿಟ್ಟು ಹಿಂದೆ ಓಡಿದರು.

ಹಿತ್ತಲಿನಲ್ಲಿ ಗುತ್ಯಮ್ಮ ಬಿಸಿ ಮಂಡಕ್ಕಿಯಿಂದ ಮರಳು ಜರಡಿ ಹಿಡಿಯುತ್ತಿದ್ದಳು. ಬಂಗಾರಿ ಅವಳೆದುರು ನಿಂತಳು.

"ನಿನ್ನ ಹೆಸರೇನು?"

"ಏನೇ ಇದು? ತಾಯಿನ್ನ ಹಿಂಗ ಕೇಳ್ತಾರಾ?" ಎಂದು ಶೇಷಮ್ಮ ಗದರಿಕೊಂಡಳು.

ಬಂಗಾರಿ ಅಜ್ಜಿಯ ಕಡೆ ನೋಡಲೂ ಇಲ್ಲ. "ನಿನ್ನ ಹೆಸರೇನು ಅಂದೆ."

ಗುತ್ಯಮ್ಮ ಜರಡಿ ಕೆಳಗಿಟ್ಟಳು. "ಗುತ್ಯಮ್ಮ. ನಿಮ್ಮವ್ವನ ತಂಗಿ."

"ನಮ್ಮವ್ವ?"

ಗುತ್ಯಮ್ಮ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ. ಅಕ್ಕಯ್ಯಾ ಎಂದು ಶುರುವಾದ ಕೂಗು ಹಿತ್ತಲು ದಾಟಿ ಬೀದಿಗೆ ಹೋಯಿತು. ಅಕ್ಕ ಕಾಡಿನಲ್ಲಿ ಎಲೆ ಗುಡಿಸಿದ್ದು, ಬಾಯಾರಿ ಬಿದ್ದದ್ದು, ಮಗಳನ್ನು ಕರೆದದ್ದು, ಎಲ್ಲವನ್ನೂ ಹೇಳಿಕೊಂಡು ನೆಲಕ್ಕೆ ಕೈ ಬಡಿದು ಅತ್ತಳು. "ಅಳಬ್ಯಾಡೇ, ಹೊಸ ಮದುವಿ ಮನಿ!" ಎಂದು ಶೇಷಮ್ಮ ಅವಳ ಬಾಯಿ ಮುಚ್ಚಲು ಬಂದಳು. ಬಂದವಳು ಅಲ್ಲೇ ಕುಸಿದು, "ನನ್ನ ಸೊಸಿಯೇ, ನಿನಗೊಂದು ಹನಿ ಕಣ್ಣೀರು ಹಾಕಲಿಲ್ಲವಲ್ಲೇ" ಎಂದು ಎದೆ ಬಡಿದುಕೊಳ್ಳತೊಡಗಿದಳು. ಆನಂದಪ್ಪ ಸೌಟು ಬಿಸಾಕಿ ಗೋಡೆಗೆ ಹಣೆ ಒತ್ತಿ ನಿಂತು, ಗಂಡಸರು ಅಳದಷ್ಟು ಜೋರಾಗಿ ಅತ್ತ. ಬಾಂಡ್ಲಿಯಲ್ಲಿದ್ದ ಅಕ್ಕಿ ಕಪ್ಪಾಗಿ ಹೊಗೆಯಾಯಿತು.

ಬಂಗಾರಿ ಸ್ಲೇಟು ಹಿಡಿದುಕೊಂಡು ಮೂವರನ್ನೂ ನೋಡುತ್ತ ನಿಂತಿದ್ದಳು. ಗುತ್ಯಮ್ಮ ಕೈ ಚಾಚಿ ಎಳೆದುಕೊಳ್ಳಲು ನೋಡಿದರೆ ಬರಲಿಲ್ಲ.

ಬೀದಿಯವರು ಓಡಿ ಬಂದರು. ಮುದುಕಿಯೇ ಹೋದಳೆಂದುಕೊಂಡು ಬಂದ ಕುಬ್ರಾ ಬೀ, ಶೇಷಮ್ಮ ಎದೆ ಬಡಿದುಕೊಳ್ಳುವುದನ್ನು ನೋಡಿ ಎಲ್ಲ ಅರ್ಥವಾಗಿ, ತಲೆಯ ಮೇಲೆ ಸೆರಗೆಳೆದುಕೊಂಡು ಪಕ್ಕದಲ್ಲಿ ಕೂತಳು. ಏದುಸಿರು ಬಿಡುತ್ತ ಬಂದ ರಾಜೇಶ್ವರಮ್ಮ ಅಂಗಳದಲ್ಲೇ ನಿಂತರು. ಒಳಗೆ ಬನ್ನಿ ಎನ್ನುವವರು ಯಾರೂ ಇರಲಿಲ್ಲ, ಕರೆಯದೆ ಹೋಗಲು ಅವರಿಗೆ ಮುಖವಿರಲಿಲ್ಲ.

ಕುಬಟೂರಿನ ಅಂಗಡಿಯವನು ತೋಟಪ್ಪ ಮಂಡಕ್ಕಿ ಕೊಳ್ಳಲು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಅದೇ ಹೊತ್ತಿಗೆ ಬಂದ. ಊರ ಹೊರಗಿನವನು, ಅವನಿಗೆ ಏನೂ ಗೊತ್ತಿರಲಿಲ್ಲ. ಅಳುವವರನ್ನು ಕೇಳುವುದು ಹೇಗೆಂದು, ಅಳದೆ ನಿಂತಿದ್ದ ಹುಡುಗಿಯ ಹತ್ತಿರ ಬಗ್ಗಿದ.

"ಯಾರು ಹೋದ್ರವ್ವ?"

"ನಮ್ಮವ್ವ."

"ಅಯ್ಯೋ ಶಿವನೇ. ಯಾವಾಗ?"

ಬಂಗಾರಿ ಅವನ ಮುಖ ನೋಡಿದಳು.

"ಇವತ್ತು" ಎಂದಳು. "ಸಾಲಿಯಾಗೆ."

ಅಲ್ಲಿದ್ದವರಿಗೆಲ್ಲ ಸರಿಯಾದ ದಿನ ಗೊತ್ತಿತ್ತು. ಯಾರೂ ಅವಳ ಮಾತನ್ನು ತಿದ್ದಲಿಲ್ಲ.